ಕಣ್ಣು, ಬೆರಳು, ಹುರುಪೆ, ಜಾಗ: ಆಗ್ನೇಯ ಏಷ್ಯಾದ ಹಲ್ಲಿ, ಓತಿ, ಉಡಗಳನ್ನು ಗುರುತಿಸುವ ಸಮಗ್ರ ಮಾರ್ಗದರ್ಶಿ

ಹಸಿರು ಮೈ, ಮಾರುದ್ದ ಬಾಲ, ಕತ್ತಿನ ಮೇಲೆ ಜುಟ್ಟಿನಂಥ ಮುಳ್ಳು. ಸಿಂಗಪುರದ ಪಾರ್ಕಿನಲ್ಲೋ ಬಾಲಿಯ ರೆಸಾರ್ಟ್ ತೋಟದಲ್ಲೋ ಇಂಥದ್ದೊಂದು ಕಂಡರೆ ನಮ್ಮವರು ಫೋಟೊ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕುತ್ತಾರೆ, 'ಗೋಸುಂಬೆ ಸಿಕ್ತು' ಅಂತ. ಅದು ಗೋಸುಂಬೆ ಅಲ್ಲ. ಏಷ್ಯಾದಲ್ಲಿ ಗೋಸುಂಬೆಗಳ ಸೀಮೆ ಭಾರತ, ಶ್ರೀಲಂಕಾಗಳಿಗೇ ಮುಗಿಯುತ್ತದೆ. ಅದರಾಚೆ ಪೂರ್ವದ ಕಾಡುಗಳಲ್ಲಿ ಒಂದೂ ಇಲ್ಲ. ಅವರು ನೋಡಿದ್ದು ಬ್ರಾಂಕೋಸೆಲ ಕುಲದ ಓತಿ. ಹೆದರಿಸಿದರೆ ಅದೇ ಓತಿ ಹಸಿರು ಬಿಟ್ಟು ಕಂದಾಗಿಬಿಡುತ್ತದೆ. ಆಗ ಅದಕ್ಕೆ ಇನ್ನೊಂದು ಹೆಸರು ಇಡುತ್ತಾರೆ!

ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಬಣ್ಣಕ್ಕೆ ಕೊನೆಯ ಸ್ಥಾನ. ಮೊದಲು ಕಣ್ಣು, ಆಮೇಲೆ ಬೆರಳು, ಆಮೇಲೆ ಹುರುಪೆ, ಆಮೇಲೆ ಅದು ಕೂತ ಜಾಗ. ಈ ಕ್ರಮ ಬಿಡದೆ ನೋಡಿದರೆ ಪ್ರಭೇದ ಗೊತ್ತಾಗದೇ ಹೋದರೂ ಕುಟುಂಬ ತಪ್ಪುವುದು ಕಡಿಮೆ. ಕಾಡಿನಲ್ಲಿ ನಿಂತು ನೋಡುವವರಿಗೆ ಕುಟುಂಬ ಸರಿಯಾಗಿ ಗೊತ್ತಾದರೆ ಅರ್ಧಕ್ಕಿಂತ ಜಾಸ್ತಿ ಕೆಲಸ ಆದ ಹಾಗೆ.

ಹೊರಡುವ ಮೊದಲು: ನೀವು ಹೋಗುವ ಜಾಗ ಯಾವ ತುಂಡಿನಲ್ಲಿದೆ?

ಆಗ್ನೇಯ ಏಷ್ಯಾ ಅಂದರೆ ಒಂದೇ ಕಾಡಲ್ಲ. ಸುಮಾರಾಗಿ ನಾಲ್ಕು ತುಂಡು ಮಾಡಿಕೊಳ್ಳಿ. ಮ್ಯಾನ್ಮಾರ್, ಥಾಯ್ಲೆಂಡ್, ಲಾವೋಸ್, ಕಾಂಬೋಡಿಯಾ, ವಿಯೆಟ್ನಾಂ ಸೇರಿದ ಇಂಡೋಚೀನಾ ಒಂದು. ಮಲಯ ಪರ್ಯಾಯ ದ್ವೀಪ, ಸುಮಾತ್ರ, ಜಾವಾ, ಬೋರ್ನಿಯೊ ಸೇರಿದ ಸುಂದಾ ಪ್ರದೇಶ ಇನ್ನೊಂದು. ಫಿಲಿಪ್ಪೀನ್ಸ್ ಮೂರನೆಯದು. ಸುಲವೇಸಿ, ಫ್ಲೋರೆಸ್, ತಿಮೋರ್ ಕಡೆಯ ವಾಲೇಸಿಯಾ ನಾಲ್ಕನೆಯದು.

ಇದು ಪರೀಕ್ಷೆಗೆ ಓದುವ ಭೂಗೋಳ ಅಲ್ಲ, ಗುರುತಿಸಲು ನಿಜಕ್ಕೂ ಬೇಕಾಗುತ್ತದೆ. ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗದಲ್ಲಿ, ಸಮುದ್ರ ಈಗಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ಆಗ ಬೋರ್ನಿಯೊ, ಸುಮಾತ್ರ, ಜಾವಾ ಮೂರೂ ಏಷ್ಯಾದ ನೆಲಕ್ಕೆ ಅಂಟಿಕೊಂಡಿದ್ದವು. ಪ್ರಾಣಿಗಳು ನಡೆದೇ ದಾಟಬಹುದಿತ್ತು. ಹಾಗಾಗಿ ಸಿಂಗಪುರದಲ್ಲಿ ಕಂಡ ಎಷ್ಟೋ ಕುಲಗಳು ಬೋರ್ನಿಯೊದಲ್ಲೂ ಸಿಗುತ್ತವೆ. ಆದರೆ ಬಾಲಿಗೂ ಲೊಂಬೊಕ್‌ಗೂ ನಡುವಿನ ಕಡಲು ಆಳವಾದದ್ದು, ಆಗಲೂ ಬತ್ತಲಿಲ್ಲ. ಹತ್ತೊಂಬತ್ತನೇ ಶತಮಾನದ ನಿಸರ್ಗವಿಜ್ಞಾನಿ ಆಲ್ಫ್ರೆಡ್ ರಸೆಲ್ ವಾಲೇಸ್ ಗುರುತಿಸಿದ ಗೆರೆ ಹಾದುಹೋಗುವುದು ಅಲ್ಲೇ. ಆ ಗೆರೆ ದಾಟಿದ ಮೇಲೆ ಸಿಂಗಪುರದ ಪಟ್ಟಿ ಹಿಡಿದುಕೊಂಡು ಹುಡುಕಬೇಡಿ, ಸುಮ್ನೆ ತಲೆ ಕೆಡುತ್ತದೆ. ಅಲ್ಲಿಗೆ ಬೇರೆ ಪಟ್ಟಿ ಮಾಡಿಕೊಂಡು ಹೋಗಿ.

ಹಂತ 1: ಕಾಲಿಲ್ಲ ಅಂದರೆ ಹಾವು ಅಂತ ಹೇಳಬೇಡಿ

ಹಲ್ಲಿ, ಓತಿ, ಹಾವುರಾಣಿ, ಉಡ, ಹಾವು ಎಲ್ಲವೂ ಸ್ಕ್ವಮಾಟ ಎಂಬ ಒಂದೇ ಗಣಕ್ಕೆ ಸೇರಿದವು. ವಂಶವೃಕ್ಷ ಬರೆದರೆ ಹಾವುಗಳು ಹಲ್ಲಿಗಳ ಕೊಂಬೆಗಳ ನಡುವೆಯೇ ಒಂದು ಕವಲು. ಹಾಗಾಗಿ ಕಾಲು ಕಳೆದುಕೊಂಡದ್ದು ಹಾವು ಮಾತ್ರವಲ್ಲ. ಈ ಭಾಗದಲ್ಲಿ ಕಾಲಿಲ್ಲದ, ಆದರೆ ಹಾವಲ್ಲದ ಪ್ರಾಣಿಗಳು ಹಲವಿವೆ.

ವಿಯೆಟ್ನಾಂ, ಉತ್ತರ ಥಾಯ್ಲೆಂಡ್ ಕಡೆ ಡೊಪಾಸಿಯ ಕುಲದ ಗಾಜುಹಲ್ಲಿ ಸಿಗುತ್ತದೆ. ಎರಡು ನಿಮಿಷ ನೋಡಿ. ಕಣ್ಣು ಮಿಟುಕಿಸಿದರೆ ಹಾವಲ್ಲ, ಯಾಕೆಂದರೆ ಹಾವಿಗೆ ರೆಪ್ಪೆಯಿಲ್ಲ. ಕಿವಿಯ ತೂತು ಕಂಡರೂ ಹಾವಲ್ಲ. ಮೈಯ ಪಕ್ಕದಲ್ಲಿ ಉದ್ದಕ್ಕೂ ಒಂದು ಮಡಿಕೆ ಇದ್ದರೆ ಡೊಪಾಸಿಯ ಅಂತ ಗಟ್ಟಿಯಾಗಿ ಹೇಳಬಹುದು. ಕೊಳೆತ ಮರದ ದಿಮ್ಮಿ ಸರಿಸಿದಾಗ ಎರೆಹುಳದಂಥದ್ದು ಕಂಡರೆ ಡೈಬೇಮಸ್ ಇರಬಹುದು. ಅದರ ಕಣ್ಣು ಹುರುಪೆಯ ಕೆಳಗೆ ಹೂತುಹೋಗಿರುತ್ತದೆ, ಹೆಣ್ಣಿಗೆ ಕಾಲೇ ಇಲ್ಲ, ಗಂಡಿಗೆ ಹಿಂಗಾಲಿನ ಜಾಗದಲ್ಲಿ ಚಿಕ್ಕದೊಂದು ಚಪ್ಪಟೆ ತುಂಡು ಉಳಿದಿದೆ. ಫಿಲಿಪ್ಪೀನ್ಸ್‌ನ ಬ್ರಾಕಿಮೆಲಿಸ್ ಹಾವುರಾಣಿಗಳು ಇನ್ನೂ ಸ್ವಾರಸ್ಯ. ಒಂದೇ ಕುಲದೊಳಗೆ ಐದು ಬೆರಳಿನವೂ ಇವೆ, ಬೆರಳು ಕಡಿಮೆಯಾದವೂ ಇವೆ, ಕಾಲೇ ಇಲ್ಲದವೂ ಇವೆ.

ಎಚ್ಚರಿಕೆ ಒಂದೇ: ಖಾತ್ರಿ ಆಗುವ ತನಕ ಹಾವು ಎಂದೇ ತಿಳಿದು ದೂರ ನಿಲ್ಲಿ. ಕೈಯಲ್ಲಿ ಹಿಡಿದು ನೋಡುವ ಉಮೇದು ಬೇಡ.

ಹಂತ 2: ಕಣ್ಣು ನೋಡಿ

ರೆಪ್ಪೆ ಇದೆಯಾ? ಪಾಪೆ ಗುಂಡಗಿದೆಯಾ, ಉದ್ದ ಸೀಳಾಗಿದೆಯಾ? ಈ ಎರಡು ಪ್ರಶ್ನೆ ಸಾಕು.

ರೆಪ್ಪೆ ಇಲ್ಲದೆ, ನಾಲಿಗೆಯಿಂದಲೇ ಕಣ್ಣು ಒರೆಸಿಕೊಳ್ಳುತ್ತಿದ್ದರೆ ಅದು ಗೆಕ್ಕೊನಿಡೆ ಕುಟುಂಬದ ಹಲ್ಲಿ. ಮನೆ ಗೋಡೆಯ ಹಲ್ಲಿಯ ಬಳಗ. ರೆಪ್ಪೆಯೂ ಇದೆ, ಪಾಪೆ ಸೀಳೂ ಆಗಿದೆ ಅಂದರೆ ಯೂಬ್ಲೆಫರಿಡೆ ಕುಟುಂಬದ್ದು. ಮಲಯ, ಸುಮಾತ್ರ, ಬೋರ್ನಿಯೊ ಕಾಡಿನ ಬೆಕ್ಕುಹಲ್ಲಿ, ಉತ್ತರ ವಿಯೆಟ್ನಾಂನ ಗೋನಿಯುರೋಸಾರಸ್ ಹಲ್ಲಿಗಳು ಈ ಗುಂಪಿನವು. ಇವು ಕಂಡರೆ ನಿಮ್ಮ ಅದೃಷ್ಟ ಚೆನ್ನಾಗಿದೆ ಅಂತ ಅರ್ಥ. ರೆಪ್ಪೆ ಇದ್ದು ಪಾಪೆ ಗುಂಡಗಿದ್ದರೆ ಓತಿ, ಹಾವುರಾಣಿ ಅಥವಾ ಉಡ. ಅದಕ್ಕೆ ಹಂತ 4ಕ್ಕೆ ಹೋಗಿ.

ಒಂದು ಅಪವಾದ ನೆನಪಿರಲಿ. ನೆಮಾಸ್ಪಿಸ್ ಎಂಬ ಸಣ್ಣ ಬಂಡೆಹಲ್ಲಿಗಳಿಗೆ ಪಾಪೆ ಗುಂಡಗಿರುತ್ತದೆ, ಹಲವು ಹಗಲೇ ಓಡಾಡುತ್ತವೆ. ನಮ್ಮ ಪಶ್ಚಿಮ ಘಟ್ಟದಲ್ಲೂ ಇದೇ ಹೆಸರಿನ ಹಲ್ಲಿಗಳಿವೆ. ನೋಡಲು ಅಣ್ಣ ತಮ್ಮಂದಿರ ಹಾಗೆ ಕಂಡರೂ ಡಿಎನ್ಎ ನೋಡಿದಾಗ ಏಷ್ಯಾದ ಈ ಎರಡು ಕಡೆಯವು ಹತ್ತಿರದ ಸಂಬಂಧಿಗಳಲ್ಲ ಅಂತ ತಿಳಿಯಿತು. ಬಂಡೆಯ ಮೇಲೆ ಬದುಕುವವರಿಗೆ ಬಂಡೆಯೇ ಒಂದೇ ಥರದ ಮೈ ಕೊಟ್ಟಿದೆ.

ಹಂತ 3: ಹಲ್ಲಿಯಾದರೆ ಬೆರಳಿನ ಅಡಿಭಾಗ

ಇದು ಸ್ವಲ್ಪ ತಾಳ್ಮೆಯ ಕೆಲಸ. ಒಳ್ಳೆಯ ಸುದ್ದಿ ಏನೆಂದರೆ ಇದಕ್ಕೆ ಕಾಡಿಗೆ ಹೋಗಬೇಕಿಲ್ಲ. ರಾತ್ರಿ ಹೋಟೆಲ್ ರೂಮಿನ ಲೈಟು ಹಾಕಿ ಕಿಟಕಿಯ ಗಾಜಿನ ಬಳಿ ಕಾಯಿರಿ. ಹುಳ ಬರುತ್ತವೆ, ಹಿಂದೆಯೇ ಹಲ್ಲಿ ಬರುತ್ತದೆ. ಗಾಜಿನ ಆಚೆ ಅದರ ಹೊಟ್ಟೆ, ಅಂಗಾಲು ಎಲ್ಲ ನಿಮ್ಮ ಮೂಗಿನ ಮುಂದೆ. ಹೆಣ್ಣಾಗಿದ್ದರೆ ಕೆಲವೊಮ್ಮೆ ಹೊಟ್ಟೆಯ ತೆಳು ಚರ್ಮದ ಮೂಲಕ ಎರಡು ಬಿಳಿ ಮೊಟ್ಟೆಗಳೂ ಕಾಣುತ್ತವೆ.

ಈಗ ಬೆರಳು ನೋಡಿ. ಅಡಿಯಲ್ಲಿ ಅಡ್ಡಡ್ಡ ಪಟ್ಟಿಗಳಿವೆ. ಆ ಪಟ್ಟಿಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲು. ಈ ಭಾಗದ ದೊಡ್ಡ ಹಲ್ಲಿ ಟೊಕೆಯ ಒಂದೊಂದು ಪಾದದಲ್ಲಿ ಇಂಥವು ಸುಮಾರು 5 ಲಕ್ಷ ಇವೆ. ಅಂಟೂ ಇಲ್ಲ, ಗಾಳಿ ಎಳೆದುಕೊಳ್ಳುವುದೂ ಇಲ್ಲ. ಕೂದಲ ತುದಿಯ ಅಣುಗಳಿಗೂ ಗೋಡೆಯ ಅಣುಗಳಿಗೂ ನಡುವಿನ ಸಣ್ಣ ಸೆಳೆತದಿಂದಲೇ ಹಲ್ಲಿ ಗಾಜಿಗೆ ಅಂಟಿಕೊಳ್ಳುತ್ತದೆ. 2002ರಲ್ಲಿ ಇದನ್ನು ಪ್ರಯೋಗದಿಂದ ತೋರಿಸಿದ್ದು ಟೊಕೆ ಹಲ್ಲಿಯ ಮೇಲೆಯೇ.

ಗೋಡೆಯ ಮೇಲೆ ಸಾಮಾನ್ಯವಾಗಿ ಸಿಗುವವನ್ನು ಹೀಗೆ ಬೇರೆ ಮಾಡಿ. ಬಾಲದ ಮೇಲೆ ಸಾಲಾಗಿ ಸಣ್ಣ ಮುಳ್ಳಿನಂಥ ಗಂಟುಗಳಿದ್ದು, ಬೆರಳ ಪಟ್ಟಿ ನಡುವೆ ಸೀಳಿಕೊಂಡಿದ್ದರೆ ಹೆಮಿಡ್ಯಾಕ್ಟೈಲಸ್ ಫ್ರೆನೇಟಸ್. ಲೊಚಗುಟ್ಟುವುದೂ ಇದೇ. ಬಾಲ ಚಪ್ಪಟೆ, ಅಂಚು ಗರಗಸದಂತೆ, ಮೈಯ ಪಕ್ಕದಲ್ಲಿ ಚರ್ಮದ ಅಂಚು, ಬೆರಳ ನಡುವೆ ಸ್ವಲ್ಪ ಜಾಲಪೊರೆ ಇದ್ದರೆ ಹೆಮಿಡ್ಯಾಕ್ಟೈಲಸ್ ಪ್ಲಾಟಿಯುರಸ್. ಒಳಗಿನ ಬೆರಳಿಗೆ ಉಗುರೇ ಇಲ್ಲದೆ, ಮುಟ್ಟಿದರೆ ಚರ್ಮ ಕಿತ್ತುಬರುವಷ್ಟು ನಾಜೂಕಾಗಿದ್ದರೆ ಗೆಹೈರಾ ಮ್ಯುಟಿಲೇಟ. ಬೆನ್ನ ಮೇಲೆ ಅಲೆಯಂಥ ಗುರುತಿರುವ ಸಣ್ಣ ಹಲ್ಲಿ ಲೆಪಿಡೊಡ್ಯಾಕ್ಟೈಲಸ್ ಲುಗುಬ್ರಿಸ್ ಆಗಿದ್ದರೆ ಅದು ಹೆಚ್ಚುಕಡಿಮೆ ಖಂಡಿತ ಹೆಣ್ಣೇ. ಈ ಪ್ರಭೇದ ಗಂಡಿನ ನೆರವಿಲ್ಲದೆ ಮೊಟ್ಟೆಯಿಡುತ್ತದೆ.

ಅಂದಹಾಗೆ, ಮನೆಯಿಂದ ಹೊರಡುವಾಗ ಹಲ್ಲಿ ಲೊಚಗುಟ್ಟಿದರೆ ಒಂದು ಕ್ಷಣ ನಿಲ್ಲುವವರು ನಮ್ಮಲ್ಲಿ ಮಾತ್ರ ಇಲ್ಲ. ಥಾಯ್ಲೆಂಡಿನಲ್ಲೂ ಅದನ್ನು ಶಕುನ ಅಂತಲೇ ನೋಡುತ್ತಾರೆ.

ಟೊಕೆ ಬಗ್ಗೆ ಕಷ್ಟವೇ ಇಲ್ಲ. ಒಂದು ಅಡಿಗೂ ಮೀರಿ ಬೆಳೆಯುವ, ನೀಲಿ ಬೂದು ಮೈಗೆ ಕಿತ್ತಳೆ ಚುಕ್ಕಿ ಹಾಕಿದ ಹಲ್ಲಿ. ರಾತ್ರಿ 'ಟೊ ಕೇ, ಟೊ ಕೇ' ಅಂತ ಗಟ್ಟಿಯಾಗಿ ಕೂಗುತ್ತದೆ. ಕಚ್ಚಿದರೆ ಬಿಡುವುದಿಲ್ಲ, ಹುಷಾರು. ಏಡ್ಸ್ ಗುಣವಾಗುತ್ತದೆ ಎಂಬ ಸುಳ್ಳು ಹಬ್ಬಿ ಇದನ್ನು ರಾಶಿ ರಾಶಿ ಹಿಡಿದು ಮಾರಿದರು. 2011ರಲ್ಲಿ ಫಿಲಿಪ್ಪೀನ್ಸ್ ಸರ್ಕಾರವೇ ಇದು ಸುಳ್ಳು ಎಂದು ಎಚ್ಚರಿಸಬೇಕಾಯಿತು. 2019ರಲ್ಲಿ ಟೊಕೆಯನ್ನು ಕಾಡುಜೀವಿಗಳ ವ್ಯಾಪಾರಕ್ಕೆ ಲಗಾಮು ಹಾಕುವ ಅಂತರರಾಷ್ಟ್ರೀಯ ಸೈಟ್ಸ್ ಒಪ್ಪಂದದ ಎರಡನೇ ಪಟ್ಟಿಗೆ ಸೇರಿಸಿದರು.

ಇನ್ನು ಬೆರಳಿಗೆ ಅಗಲ ಪಟ್ಟಿಯೇ ಇಲ್ಲದೆ, ಬೆರಳು ಮಡಚಿದಂತೆ ಬಾಗಿದ್ದರೆ ಸಿರ್ಟೊಡ್ಯಾಕ್ಟೈಲಸ್, ಬಾಗುಬೆರಳ ಹಲ್ಲಿ. ಇಲ್ಲಿ ಪ್ರಭೇದ ಹೇಳುವ ಆಸೆ ಬಿಟ್ಟುಬಿಡಿ. ಈ ಒಂದೇ ಕುಲದಲ್ಲಿ 300ಕ್ಕೂ ಜಾಸ್ತಿ ಪ್ರಭೇದಗಳಿವೆ, ಇನ್ನೂ ಸೇರುತ್ತಲೇ ಇವೆ. ಕಾರಣ ಸುಣ್ಣಕಲ್ಲಿನ ಗುಡ್ಡಗಳು. ಥಾಯ್ಲೆಂಡ್, ಮಲೇಷ್ಯಾ, ವಿಯೆಟ್ನಾಂ, ಮ್ಯಾನ್ಮಾರ್‌ಗಳಲ್ಲಿ ಬಯಲ ನಡುವೆ ಒಂಟೊಂಟಿಯಾಗಿ ನಿಂತ ಈ ಗುಡ್ಡಗಳು ಗುಹೆ, ಬಿರುಕುಗಳಿಂದ ತುಂಬಿವೆ. ಒಂದು ಗುಡ್ಡದ ಹಲ್ಲಿ ಗದ್ದೆ ದಾಟಿ ಪಕ್ಕದ ಗುಡ್ಡಕ್ಕೆ ಹೋಗುವುದಿಲ್ಲ. ಕಾಲ ಕಳೆದಂತೆ ಬೇರೆಯೇ ಪ್ರಭೇದವಾಗುತ್ತದೆ. ಅದೇ ಗುಡ್ಡವನ್ನು ಸಿಮೆಂಟ್ ಫ್ಯಾಕ್ಟರಿಗೆ ಅಗೆದರೆ ಹೆಸರಿಡುವ ಮೊದಲೇ ಒಂದು ಪ್ರಭೇದ ಹೋಗಿಬಿಡಬಹುದು. ನಿಮ್ಮ ಟಿಪ್ಪಣಿಯಲ್ಲಿ ಕುಲದ ಹೆಸರು ಮತ್ತು ಗುಡ್ಡದ ಹೆಸರು ಬರೆದರೆ ಸಾಕು. ಗುಡ್ಡದ ಹೆಸರಿಗೇ ಬೆಲೆ ಜಾಸ್ತಿ.

ಹಂತ 4: ಹುರುಪೆ

ಎಣ್ಣೆ ಹಚ್ಚಿದಂತೆ ಮಿರಮಿರ ಮಿಂಚುವ, ಒಂದರ ಮೇಲೊಂದು ಕೂತ ಹುರುಪೆ, ಕತ್ತು ಎಲ್ಲಿ ಮುಗಿಯಿತು ಅಂತ ಗೊತ್ತಾಗದ ಮೈ: ಇದು ಹಾವುರಾಣಿ, ಸಿನ್ಸಿಡೆ ಕುಟುಂಬ. ತೋಟದಲ್ಲಿ ಬಿಸಿಲು ಕಾಯುವ ದಪ್ಪನೆಯದು ಬಹುಪಾಲು ಯೂಟ್ರೋಪಿಸ್ ಮಲ್ಟಿಫ್ಯಾಸಿಯೇಟ. ನಮ್ಮ ಊರಿನ ಯೂಟ್ರೋಪಿಸ್ ಕ್ಯಾರಿನೇಟ ಮೊಟ್ಟೆಯಿಟ್ಟರೆ ಇದು ಮರಿ ಹಾಕುತ್ತದೆ. ಮರದ ಕಾಂಡದ ಮೇಲೆ ಓಡುವ ಹಾವುರಾಣಿ ಕಂಡರೆ ಡಾಸಿಯ ಕುಲ ನೋಡಿ. ತೊರೆಯ ಕಲ್ಲಿನ ಅಡಿಯದು ಟ್ರೋಪಿಡೋಫೋರಸ್ ಇರಬಹುದು.

ಒರಟು ಹುರುಪೆ, ಕತ್ತು ಬೇರೆಯಾಗಿ ಕಾಣುವ ದೊಡ್ಡ ತಲೆ, ಬೆನ್ನ ಮೇಲೆ ಮುಳ್ಳುಸಾಲು ಇದ್ದರೆ ಓತಿ, ಅಗಾಮಿಡೆ ಕುಟುಂಬ. ಸಿಂಗಪುರದಲ್ಲಿ ಮುಖ್ಯವಾಗಿ ಗೊಂದಲವಾಗುವುದು ಎರಡರ ನಡುವೆ: ಹಸಿರು ಓತಿ ಬ್ರಾಂಕೋಸೆಲ ಕ್ರಿಸ್ಟಾಟೆಲ್ಲ ಮತ್ತು ನಮ್ಮ ಬೇಲಿ ಓತಿಯ ಕುಲವಾದ ಕಲೋಟಸ್. ಕಿವಿಯ ಮೇಲ್ಭಾಗ ನೋಡಿ. ಅಲ್ಲಿ ಎರಡು ಬಿಡಿ ಮುಳ್ಳು ಇದ್ದರೆ ಕಲೋಟಸ್. ಬ್ರಾಂಕೋಸೆಲದ ಬಾಲ ಮೈಗಿಂತ ಎಷ್ಟೋ ಪಾಲು ಉದ್ದ, ಮೈ ತೆಳು. ಕಲೋಟಸ್ ಅಲ್ಲಿಯ ಮೂಲದ್ದಲ್ಲ, 1980ರ ದಶಕದಲ್ಲಿ ಬಂದು ಸೇರಿದ್ದು. ತೆರೆದ ತೋಟಗಳಲ್ಲಿ ಈಗ ಅದರದೇ ಕಾರುಬಾರು, ಹಸಿರು ಓತಿ ಕಾಡಿನ ಕಡೆಗೆ ಸರಿದಿದೆ.

ಹುಲ್ಲಿನಲ್ಲಿ ಕಡ್ಡಿಯಂಥ ಮೈ, ಮೈಯ ಮೂರರಷ್ಟಕ್ಕೂ ಮೀರಿದ ಬಾಲ ಇದ್ದರೆ ಟಾಕಿಡ್ರೋಮಸ್. ಮರಳು ಬಯಲಿನಲ್ಲಿ ಬಿಲ ತೋಡಿಕೊಂಡು, ಪಕ್ಕೆಯಲ್ಲಿ ಚಿಟ್ಟೆ ಬಣ್ಣ ತೋರುವುದು ಲಿಯೊಲೆಪಿಸ್. ಇದರ ಒಂದು ಕಥೆ ಹೇಳಲೇಬೇಕು. 2010ರಲ್ಲಿ ಹೆಸರು ಪಡೆದ ಲಿಯೊಲೆಪಿಸ್ ಎನ್‌ಗೊವಾಂಟ್ರಿಯಿ ವಿಜ್ಞಾನಿಗಳ ಕಣ್ಣಿಗೆ ಬಿದ್ದದ್ದು ದಕ್ಷಿಣ ವಿಯೆಟ್ನಾಂನ ಊಟದ ಹೋಟೆಲಿನಲ್ಲಿ. ಅಡುಗೆಗೆ ಇಟ್ಟಿದ್ದ ರಾಶಿಯಲ್ಲಿ ಎಲ್ಲವೂ ಹೆಣ್ಣು, ಎಲ್ಲವೂ ಒಂದೇ ಥರ. ಅದೂ ಗಂಡಿಲ್ಲದೆ ಸಂತಾನ ಬೆಳೆಸುವ ಪ್ರಭೇದ. ಊರಿನವರು ಎಷ್ಟೋ ಕಾಲದಿಂದ ತಿನ್ನುತ್ತಿದ್ದರು, ಹೊಸದಾದದ್ದು ನಮ್ಮ ಪುಸ್ತಕಗಳಿಗೆ ಮಾತ್ರ.

ಹಂತ 5: ಉಡವಾದರೆ ಮೂಗು

ಉದ್ದ ಕತ್ತು, ಸೀಳು ನಾಲಿಗೆ, ಗತ್ತಿನ ನಡಿಗೆ. ಉಡವನ್ನು ಗುರುತಿಸಲು ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಿಲ್ಲ. ಯಾವ ಉಡ ಅನ್ನುವುದಕ್ಕೆ ಮೂಗಿನ ಹೊಳ್ಳೆ ನೋಡಿ. ಹೊಳ್ಳೆ ಗುಂಡಗೆ ಮೂತಿಯ ತುದಿಗೆ ಹತ್ತಿರ ಇದ್ದರೆ ನೀರು ಉಡ, ವರಾನಸ್ ಸಾಲ್ವೇಟರ್. ಬ್ಯಾಂಕಾಕ್‌ನ ಲುಂಪಿನಿ ಪಾರ್ಕಿನ ಕೊಳದಲ್ಲಿ, ಸಿಂಗಪುರದ ಸುಂಗೈ ಬುಲೋ ಜೌಗಿನಲ್ಲಿ ಈಜುವುದು ಇದೇ. ಹೊಳ್ಳೆ ಸೀಳಿನಂತಿದ್ದು ಮೂತಿಯ ತುದಿಗೂ ಕಣ್ಣಿಗೂ ನಡುವೆ ಇದ್ದರೆ, ಮರ ಹತ್ತುವ ಸ್ವಭಾವವೂ ಇದ್ದರೆ, ವರಾನಸ್ ನೆಬುಲೋಸಸ್. ಇದನ್ನು ಹಿಂದೆ ನಮ್ಮ ಊರಿನ ಉಡದ ಉಪಪ್ರಭೇದ ಎಂದೇ ಎಣಿಸುತ್ತಿದ್ದರು.

ಫಿಲಿಪ್ಪೀನ್ಸ್‌ನಲ್ಲಿ ಹಣ್ಣು ತಿನ್ನುವ ಉಡಗಳೂ ಇವೆ. ಲುಜಾನ್ ದ್ವೀಪದ ಕಾಡಿನಲ್ಲಿ ಸುಮಾರು 2 ಮೀಟರ್ ಉದ್ದದ ವರಾನಸ್ ಬಿಟಟಾವ ವಿಜ್ಞಾನದ ಪಟ್ಟಿಗೆ ಸೇರಿದ್ದು 2010ರಲ್ಲಷ್ಟೇ. ಇಂಡೊನೇಷ್ಯಾದ ದೈತ್ಯ ಉಡ ಕೊಮೊಡೊ ಬಗ್ಗೆ ಎಲ್ಲರಿಗೂ ಗೊತ್ತು, ಜಾಸ್ತಿ ಹೇಳುವುದಿಲ್ಲ. 3 ಮೀಟರ್‌ವರೆಗೆ ಬೆಳೆಯುತ್ತದೆ, 1912ರಲ್ಲಿ ಹೆಸರು ಪಡೆಯಿತು, 2021ರಿಂದ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಸಂಸ್ಥೆ ಐಯುಸಿಎನ್‌ನ ಪಟ್ಟಿಯಲ್ಲಿ ಅಳಿವಿನ ಅಪಾಯದಲ್ಲಿರುವ ಪ್ರಾಣಿ. ಅಲ್ಲಿಗೆ ಹೋದರೆ ಗೈಡ್ ಹೇಳಿದ ದೂರದಲ್ಲೇ ನಿಲ್ಲಿ, ಅಷ್ಟೇ.

ಹಂತ 6: ಜಾಗ ಮತ್ತು ಹೊತ್ತು

ನನ್ನ ಪ್ರಕಾರ ಇದೇ ಮುಖ್ಯವಾದ ಹಂತ. ನೆಲದಿಂದ ಎಷ್ಟು ಎತ್ತರ, ಕಾಂಡವೋ ರೆಂಬೆಯೋ, ಬಿಸಿಲೋ ನೆರಳೋ, ಗಂಟೆ ಎಷ್ಟು ಎಂದು ಬರೆದುಕೊಂಡರೆ ಮೈ ಹಾಗೆ ಯಾಕಿದೆ ಅನ್ನುವುದು ತಾನಾಗೇ ತಿಳಿಯುತ್ತದೆ. ಹಾರುವ ಓತಿಯನ್ನೇ ತೆಗೆದುಕೊಳ್ಳಿ.

ಡ್ರಾಕೊ ಕುಲದಲ್ಲಿ ಸುಮಾರು 40 ಪ್ರಭೇದಗಳಿವೆ, ಬಹುಪಾಲು ಆಗ್ನೇಯ ಏಷ್ಯಾದವು. ನಮ್ಮ ಮಲೆನಾಡಿನ ಅಡಿಕೆ ತೋಟಗಳ ಡ್ರಾಕೊ ಡುಸುಮಿಯೆರಿ ಆ ದೊಡ್ಡ ಬಳಗದಿಂದ ದೂರ ಉಳಿದ ಒಂಟಿ ಸಂಬಂಧಿ. ಹುಡುಕುವುದು ಹೀಗೆ: ಬೆಳಗ್ಗೆ ಬಿಸಿಲು ಕಾಂಡದ ಮೇಲೆ ಬಿದ್ದ ಮೇಲೆ, ಒಂದೇ ಮರದ ಎದುರು ಅಲುಗಾಡದೆ ನಿಲ್ಲಿ. ತೊಗಟೆಯನ್ನು ಕೆಳಗಿನಿಂದ ಮೇಲಕ್ಕೆ ನಿಧಾನ ನೋಡಿ. ಓತಿ ಕಾಣುವುದಿಲ್ಲ. ಮೊದಲು ಕಾಣುವುದು ಗಂಟಲ ಬಾವುಟ. ಗಂಡು ಅದನ್ನು ಪಟ್ಟನೆ ಬಿಚ್ಚಿ ಮಡಚುತ್ತದೆ. ಸಿಂಗಪುರದ ಡ್ರಾಕೊ ಸುಮಾತ್ರಾನಸ್‌ನಲ್ಲಿ ಅದು ಹಳದಿ. ಕಾಡಿನೊಳಗಿನ ಡ್ರಾಕೊ ಮೆಲನೊಪೊಗಾನ್‌ನಲ್ಲಿ ಕಪ್ಪು. ಬಾವುಟ ಕಂಡ ಜಾಗದಲ್ಲೇ ಕಣ್ಣು ನೆಟ್ಟರೆ ತೊಗಟೆಯಿಂದ ಓತಿ ಬಿಡಿಸಿಕೊಳ್ಳುತ್ತದೆ. ಇರುವೆ ಸಾಲಿನ ಪಕ್ಕ ಕೂತು ಒಂದೊಂದೇ ಹೆಕ್ಕಿ ತಿನ್ನುತ್ತಿರುತ್ತದೆ.

ಅದರ ರೆಕ್ಕೆ ಅಂದರೆ ಉದ್ದಕ್ಕೆ ಬೆಳೆದ ಪಕ್ಕೆಲುಬುಗಳ ಮೇಲೆ ಹೊದಿಸಿದ ಚರ್ಮ. ಜಿಗಿದ ಮೇಲೆ ಮುಂಗಾಲನ್ನು ಹಿಂದಕ್ಕೆ ತಂದು ರೆಕ್ಕೆಯ ಮುಂದಿನ ಅಂಚನ್ನು ಹಿಡಿದುಕೊಳ್ಳುತ್ತದೆ, ಹಾಗೆ ದಿಕ್ಕು ತಿದ್ದುತ್ತದೆ. 2017ರಲ್ಲಿ ಪ್ರಕಟವಾದ ಈ ಸಂಶೋಧನೆಯ ಫೋಟೊಗಳನ್ನು ತೆಗೆದದ್ದು ನಮ್ಮ ಆಗುಂಬೆ ಸುತ್ತಮುತ್ತ. ಬೋರ್ನಿಯೊದ ಡ್ರಾಕೊ ಕಾರ್ನುಟಸ್ ಇನ್ನೂ ಜಾಣ. 2014ರ ಒಂದು ಅಧ್ಯಯನದ ಪ್ರಕಾರ ಅದರ ರೆಕ್ಕೆಯ ಬಣ್ಣ ಆಯಾ ಕಾಡಿನಲ್ಲಿ ಉದುರುವ ಎಲೆಯ ಬಣ್ಣಕ್ಕೆ ಹೊಂದುತ್ತದೆ. ಕಡಲಂಚಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನಲ್ಲಿ ಕೆಂಪು, ಒಳಗಿನ ಮಳೆಕಾಡಿನಲ್ಲಿ ಕಡುಕಂದು, ಹಸಿರು. ಹಾರುವಾಗ ಹಕ್ಕಿಯ ಕಣ್ಣಿಗೆ ಅದು ಉದುರುವ ಎಲೆ.

ಹೆಣ್ಣು ಮಾತ್ರ ಮೊಟ್ಟೆಗಾಗಿ ನೆಲಕ್ಕೆ ಇಳಿಯುತ್ತದೆ. ಮೂತಿಯಿಂದ ಮಣ್ಣು ತೋಡಿ, ಕೆಲವು ಮೊಟ್ಟೆಯಿಟ್ಟು ಮುಚ್ಚುತ್ತದೆ. ನೆಲದ ಮೇಲೆ ಹಾರುವ ಓತಿ ಕಂಡರೆ ಹಿಂದೆ ಸರಿಯಿರಿ, ಅದಕ್ಕೆ ತುರ್ತು ಕೆಲಸ ಇದೆ.

ಚರ್ಮದ ಅಂಚಿನಿಂದ ತೇಲುವ ಹಲ್ಲಿಯೂ ಇದೆ, ಹಿಂದೆ ಟೈಕೊಜೂನ್ ಎಂದು ಕರೆಯುತ್ತಿದ್ದರು, ಈಗ ಗೆಕ್ಕೊ ಕುಲದೊಳಗೆ ಸೇರಿಸಿದ್ದಾರೆ. ಅದರ ಅಂಚಿನಲ್ಲಿ ಪಕ್ಕೆಲುಬಿಲ್ಲ, ರೆಪ್ಪೆಯೂ ಇಲ್ಲ. ಹಂತ 2 ಸರಿಯಾಗಿ ಮಾಡಿದ್ದರೆ ಗೊಂದಲವೇ ಬರುವುದಿಲ್ಲ.

ರಾತ್ರಿಯ ಹೊತ್ತು ಟಾರ್ಚ್ ಹಿಡಿದು ದಾರಿಯ ಪಕ್ಕದ ತೆಳು ಕಡ್ಡಿಗಳನ್ನು ನೋಡಿ. ಹಗಲು ಕೈಗೆ ಸಿಗದ ಓತಿಗಳು ಅಲ್ಲಿ ಮಲಗಿರುತ್ತವೆ, ಬೆಳಕಿಗೆ ಬಿಳಿಚಿಕೊಂಡು ಕಾಣುತ್ತವೆ. ಹಾವು ಕಡ್ಡಿ ಹತ್ತಿದರೆ ಅಲುಗಾಟ ತಿಳಿಯಲಿ ಅಂತ ತುದಿಯಲ್ಲೇ ಮಲಗುತ್ತವೆ ಎನ್ನುವ ವಾದ ಇದೆ. ಒಂದೆರಡು ಫೋಟೊ ತೆಗೆದು ಮುಂದೆ ಹೋಗಿ, ನಿದ್ದೆ ಕೆಡಿಸಬೇಡಿ.

ಹಂತ 7: ಫೋಟೊ

ಒಂದು ಚಂದದ ಫೋಟೊಗಿಂತ ಐದು ಸಾಧಾರಣ ಫೋಟೊ ಉಪಯೋಗಕ್ಕೆ ಬರುತ್ತವೆ: ತಲೆಯ ಪಕ್ಕ (ಕಣ್ಣು, ಕಿವಿ, ಹೊಳ್ಳೆ ಮೂರೂ ಬರಲಿ), ಬೆನ್ನು, ಬಾಲದ ಬುಡದಿಂದ ತುದಿ, ಬೆರಳು, ಕೂತ ಜಾಗ ದೂರದಿಂದ. ಹಲ್ಲಿಯಾದರೆ ಗಾಜಿನ ಮೂಲಕ ಹಿಂಗಾಲಿನ ತೊಡೆಯ ಅಡಿಯೂ ಬೇಕು, ಗಂಡಿನಲ್ಲಿ ಅಲ್ಲಿ ಸಾಲು ರಂಧ್ರಗಳಿರುತ್ತವೆ. ಬಾಲ ಹಿಡಿಯಬೇಡಿ, ಕಳಚಿಹೋಗುತ್ತದೆ. ಬಾಲದಲ್ಲಿ ಕೂಡಿಟ್ಟ ಕೊಬ್ಬು ಅದರ ಉಳಿತಾಯ.

ಹಂತ 8: ಹೆಸರನ್ನು ಪರಿಶೀಲಿಸಿ

ಹಳೆಯ ಪುಸ್ತಕದ ಹೆಸರು ಈಗ ಇರಲಿಕ್ಕಿಲ್ಲ. ಸಿಂಗಪುರದ ಹಾರುವ ಓತಿಗೆ ಹಿಂದೆ ಡ್ರಾಕೊ ವೊಲಾನ್ಸ್ ಎನ್ನುತ್ತಿದ್ದರು. ಯೂಟ್ರೋಪಿಸ್‌ಗೆ ಮಬುಯ ಎನ್ನುತ್ತಿದ್ದರು. ನಮ್ಮ ಬೇಲಿಯ ಓತಿ ಕಲೋಟಸ್ ವರ್ಸಿಕಲರ್ ಇರಾನಿನಿಂದ ಇಂಡೊನೇಷ್ಯಾ ತನಕ ಒಂದೇ ಎಂದು ನಂಬಿದ್ದೆವು. ಮ್ಯಾನ್ಮಾರ್‌ನ ಒಣ ಬಯಲಿನದು 2006ರಲ್ಲಿ ಕಲೋಟಸ್ ಇರಾವಾಡಿ ಆಯಿತು, 2021ರಲ್ಲಿ ದಕ್ಷಿಣ ಏಷ್ಯಾದ್ದನ್ನೂ ಹಲವು ಪ್ರಭೇದಗಳಾಗಿ ಬಿಡಿಸಿದರು. ಹಾಗಾಗಿ ಅಲ್ಲಿ ಕಂಡದ್ದಕ್ಕೆ 'ವರ್ಸಿಕಲರ್ ಗುಂಪು' ಎಂದು ಬರೆದರೆ ಕ್ಷೇಮ. ಈಗಿನ ಹೆಸರು ನೋಡಲು ರೆಪ್ಟೈಲ್ ಡೇಟಾಬೇಸ್ ವೆಬ್‌ಸೈಟ್ ಸಾಕು, ಪುಕ್ಕಟೆ.

ಹಂತ 9: ದಾಖಲಿಸಿ, ಆದರೆ ಕೆಲವು ಜಾಗ ಮುಚ್ಚಿಡಿ

ಕಂಡ ಜೀವಿಗಳ ಫೋಟೊ ದಾಖಲಿಸುವ ಐನ್ಯಾಚುರಲಿಸ್ಟ್ ವೆಬ್‌ಸೈಟಿನಲ್ಲಿ ಹಾಕಿದರೆ ಬಲ್ಲವರು ತಿದ್ದುತ್ತಾರೆ. ಸಾಮಾನ್ಯ ಹಲ್ಲಿ, ಹಾವುರಾಣಿಗಳಿಗೆ ನಿಖರ ಜಾಗ ಕೊಡಿ. ಆದರೆ ಸಾಕುಪ್ರಾಣಿ ಮಾರುಕಟ್ಟೆಯಲ್ಲಿ ಬೆಲೆ ಇರುವವಕ್ಕೆ ಹಾಗೆ ಮಾಡಬೇಡಿ. ಚೀನಾ ವಿಯೆಟ್ನಾಂ ಗಡಿಯ ಗೋನಿಯುರೋಸಾರಸ್ ಲೂಯಿಯಿಗೆ 1999ರಲ್ಲಿ ಹೆಸರಿಟ್ಟು, ಸಿಕ್ಕ ಜಾಗವನ್ನೂ ಪ್ರಕಟಿಸಿದರು. ಬೇಟೆಗಾರರು ಅದೇ ವಿಳಾಸ ಹಿಡಿದು ಹೋಗಿ ಆ ಜಾಗದಲ್ಲಿ ಒಂದನ್ನೂ ಬಿಡದಂತೆ ಹಿಡಿದರು. ಆಮೇಲೆ ಈ ಕುಲದ ಹೊಸ ಪ್ರಭೇದಗಳ ನಿಖರ ಜಾಗವನ್ನು ವಿಜ್ಞಾನಿಗಳು ಬರೆಯದೇ ಬಿಡತೊಡಗಿದರು. ಬೋರ್ನಿಯೊದ ಕಿವಿಯಿಲ್ಲದ ಉಡ ಲ್ಯಾಂಥನೋಟಸ್, ವಿಯೆಟ್ನಾಂನ ಮೊಸಳೆಬಾಲದ ಶಿನಿಸಾರಸ್, ಇಂಡೋಚೀನಾದ ನೀರು ಓತಿ ಫಿಸಿಗ್ನಾಥಸ್ ಇವೆಲ್ಲ ಇದೇ ಸಾಲಿನವು. ಅಪ್‌ಲೋಡ್ ಮಾಡುವಾಗ ಜಾಗದ ಆಯ್ಕೆಯಲ್ಲಿ 'ಮಸುಕು' ಮಾಡುವ ಸೌಲಭ್ಯ ಇದೆ, ಅದನ್ನು ಒತ್ತಿ. ಫೇಸ್‌ಬುಕ್, ವಾಟ್ಸಾಪ್‌ಗೆ ಹಾಕುವ ಫೋಟೊದಲ್ಲಿ ದಾರಿಯ ಬೋರ್ಡು, ಜಲಪಾತದಂಥ ಗುರುತು ಇದ್ದರೆ ಕತ್ತರಿಸಿ. ಗೈಡ್ ಕೇಳಿದರೂ ಮುಂದಿನ ಗಿರಾಕಿಗೆ ತೋರಿಸಲು ಹೇಳಬೇಡಿ.